ವಿಂಡೋಸ್ 10 ಬಂದ್ ಆಯ್ತಾ? ಹಳೇ ಕಂಪ್ಯೂಟರ್ ಗುಜರಿಗೆ ಹಾಕುವ ಮುನ್ನ ಇದನ್ನು ಓದಿ

"ವಿಂಡೋಸ್ 10 ಪೂರ್ತಿ ಬಂದ್. ನಿಮ್ಮ ಕಂಪ್ಯೂಟರ್ ಇನ್ನು ಕೆಲಸಕ್ಕೆ ಬರಲ್ಲ. ಡೇಟಾ ಎಲ್ಲಾ ಹ್ಯಾಕ್ ಆಗುತ್ತೆ. ಕೂಡಲೇ ಹೊಸದು ತಗೊಳ್ಳಿ. ಎಲ್ಲಾ ಗ್ರೂಪಿಗೂ ಕಳಿಸಿ." ಈ ಧಾಟಿಯ ಮೆಸೇಜ್ ನಿಮ್ಮ ವಾಟ್ಸಾಪ್‌ಗೂ ಬಂದಿರಬಹುದು. ಪೂರ್ತಿ ಸುಳ್ಳಾಗಿದ್ದರೆ ಡಿಲೀಟ್ ಮಾಡಿ ಸುಮ್ಮನಿರಬಹುದಿತ್ತು. ಆದರೆ ಇದರಲ್ಲಿ ಕಾಲುಭಾಗ ನಿಜವಿದೆ, ಅದೇ ತೊಂದರೆ.

ಕೊಪ್ಪಳ, ಗಂಗಾವತಿ, ಕುಷ್ಟಗಿ, ಯಲಬುರ್ಗಾ ಕಡೆ ಜೆರಾಕ್ಸ್ ಅಂಗಡಿ, ಆನ್‌ಲೈನ್ ಅರ್ಜಿ ಹಾಕುವ ಸೆಂಟರ್, ಡಿಟಿಪಿ ಅಂಗಡಿ, ರೈಸ್ ಮಿಲ್ಲಿನ ಲೆಕ್ಕದ ಕೋಣೆ ಎಲ್ಲವೂ ಒಂದೋ ಎರಡೋ ಕಂಪ್ಯೂಟರ್ ಮೇಲೆ ನಡೆಯುತ್ತವೆ. ಅಂಥವರಿಗೆ ಹೊಸ ಕಂಪ್ಯೂಟರ್ ಎಂದರೆ ಮೂವತ್ತು ನಲವತ್ತು ಸಾವಿರದ ಮಾತು. ಒಂದು ಫಾರ್ವರ್ಡ್ ನಂಬಿ ಅಷ್ಟು ದುಡ್ಡು ಸುರಿಯುವ ಮೊದಲು ನಿಜ ಏನೆಂದು ನೋಡೋಣ.

ಮುಗಿದದ್ದು ಏನು?

ವಿಂಡೋಸ್ 10 ಬಿಡುಗಡೆಯಾದದ್ದು 2015ರ ಜುಲೈ 29ರಂದು. ಮೈಕ್ರೋಸಾಫ್ಟ್ ಅದಕ್ಕೆ ಕೊಡುತ್ತಿದ್ದ ಉಚಿತ ಬೆಂಬಲ ನಿಂತದ್ದು 2025ರ ಅಕ್ಟೋಬರ್ 14ರಂದು. ಬೆಂಬಲ ಎಂದರೆ ಮುಖ್ಯವಾಗಿ ಸುರಕ್ಷತಾ ಅಪ್‌ಡೇಟ್. ಅದು ನಿಂತ ಮಾತ್ರಕ್ಕೆ ಕಂಪ್ಯೂಟರ್ ಆಫ್ ಆಗುವುದಿಲ್ಲ. ನಿಮ್ಮ ಫೈಲು, ಪ್ರಿಂಟರು, ಟ್ಯಾಲಿ ಎಲ್ಲವೂ ಅಕ್ಟೋಬರ್ 13ರಂದು ಹೇಗಿದ್ದವೋ 15ರಂದೂ ಹಾಗೇ ಇದ್ದವು. ಬಾಗಿಲು ಮುರಿದಿಲ್ಲ, ಬೀಗ ರಿಪೇರಿ ಮಾಡುವವನು ಬರುವುದನ್ನು ನಿಲ್ಲಿಸಿದ್ದಾನೆ ಅಷ್ಟೇ.

ಹಾಗಂತ ಆರಾಮಾಗಿ ಕೂರುವಂತೆಯೂ ಇಲ್ಲ. 2017ರ ಮೇ ತಿಂಗಳಲ್ಲಿ ವನ್ನಾಕ್ರೈ ಎಂಬ ವೈರಸ್ ಸುಮಾರು 150 ದೇಶಗಳ ಎರಡು ಲಕ್ಷಕ್ಕೂ ಹೆಚ್ಚು ಕಂಪ್ಯೂಟರ್‌ಗಳಿಗೆ ಹೊಕ್ಕು, ಫೈಲುಗಳಿಗೆಲ್ಲ ಬೀಗ ಹಾಕಿ ಹಣ ಕೇಳಿತು. ಅದು ನುಗ್ಗಿದ ತೂತನ್ನು ಮುಚ್ಚುವ ಅಪ್‌ಡೇಟನ್ನು ಮೈಕ್ರೋಸಾಫ್ಟ್ ಅದೇ ವರ್ಷದ ಮಾರ್ಚ್‌ನಲ್ಲೇ ಕೊಟ್ಟಿತ್ತು. ಹಾಕಿಕೊಂಡವರು ಉಳಿದರು, "ಆಮೇಲೆ ನೋಡೋಣ" ಅಂದವರು ಸಿಕ್ಕಿಬಿದ್ದರು. ಅಪ್‌ಡೇಟೇ ಬರದ ಕಂಪ್ಯೂಟರಿನ ಅಪಾಯ ತಿಂಗಳು ಕಳೆದಂತೆ ಏರುತ್ತಾ ಹೋಗುತ್ತದೆ.

ಇನ್ನೊಂದು ತೊಂದರೆ ನಿಧಾನವಾಗಿ ಬರುತ್ತದೆ. ವಿಂಡೋಸ್ 7ರ ಬೆಂಬಲ 2020ರ ಜನವರಿ 14ಕ್ಕೆ ಮುಗಿದಾಗಲೂ ಯಾರ ಕಂಪ್ಯೂಟರೂ ನಿಲ್ಲಲಿಲ್ಲ. ಆದರೆ 2023ರ ಆರಂಭದಲ್ಲಿ ಗೂಗಲ್ ಕ್ರೋಮ್ 109ನೇ ಆವೃತ್ತಿಗೇ ವಿಂಡೋಸ್ 7ರ ಕೈಬಿಟ್ಟಿತು. ಆಮೇಲೆ ಒಂದೊಂದೇ ವೆಬ್‌ಸೈಟ್ ಕೈಕೊಡತೊಡಗಿದವು. ವಿಂಡೋಸ್ 10ರ ದಾರಿಯೂ ಹೀಗೇ ಇರುತ್ತದೆ ಎಂದುಕೊಂಡು ತಯಾರಾಗುವುದು ಜಾಣತನ.

ಸದ್ಯಕ್ಕೆ ಒಂದು ಆಸರೆ ಇದೆ. ಮನೆ ಬಳಕೆದಾರರಿಗೆ 2026ರ ಅಕ್ಟೋಬರ್ 13ರವರೆಗೆ ಹೆಚ್ಚುವರಿ ಸುರಕ್ಷತಾ ಅಪ್‌ಡೇಟ್ ಕೊಡುವುದಾಗಿ ಮೈಕ್ರೋಸಾಫ್ಟ್ ಪ್ರಕಟಿಸಿದೆ. ಸೆಟ್ಟಿಂಗ್ಸ್‌ನ ವಿಂಡೋಸ್ ಅಪ್‌ಡೇಟ್ ಪುಟದಲ್ಲೇ ನೋಂದಾಯಿಸಿಕೊಳ್ಳಬಹುದು. ಮೈಕ್ರೋಸಾಫ್ಟ್ ಖಾತೆಯಿಂದ ಲಾಗಿನ್ ಆಗಿ ಸೆಟ್ಟಿಂಗ್ಸ್ ಬ್ಯಾಕಪ್ ಮಾಡಿದರೆ ಹಣ ಕೊಡಬೇಕಿಲ್ಲ. ವಿಂಡೋಸ್ 10ರ ಕೊನೆಯ ಆವೃತ್ತಿ, ಅಂದರೆ 22ಎಚ್2, ಇರಬೇಕು.

"ನಿಮ್ಮ ಕಂಪ್ಯೂಟರಿಗೆ 11 ಹತ್ತಲ್ಲ" ಎಂದರೆ ನಂಬಬೇಡಿ, ನೋಡಿ

ವಿಂಡೋಸ್ 11ಕ್ಕೆ 4 ಜಿಬಿ ರ‍್ಯಾಮ್, 64 ಜಿಬಿ ಜಾಗ, ಟಿಪಿಎಂ 2.0 ಎಂಬ ಭದ್ರತಾ ಚಿಪ್ ಮತ್ತು ತಕ್ಕ ಪ್ರೊಸೆಸರ್ ಬೇಕು. ಇಂಟೆಲ್ ಆದರೆ ಹೆಚ್ಚುಕಡಿಮೆ ಎಂಟನೇ ತಲೆಮಾರಿನಿಂದ ಈಚೆಗಿನದು. ಅಂದರೆ 2018ರ ನಂತರ ಕೊಂಡ ಬಹಳಷ್ಟು ಯಂತ್ರಗಳಿಗೆ ನಡೆಯುತ್ತದೆ.

ಎಷ್ಟೋ ಜನ ಎಡವುವುದು ಇಲ್ಲೇ. "ಟಿಪಿಎಂ ಇಲ್ಲ" ಎಂದು ತೋರಿಸಿದ ಎಲ್ಲಾ ಕಂಪ್ಯೂಟರಲ್ಲೂ ಅದು ನಿಜಕ್ಕೂ ಇಲ್ಲ ಎಂದಲ್ಲ, ಬಯೋಸ್‌ನಲ್ಲಿ ಆಫ್ ಆಗಿರಬಹುದು. ವಿಂಡೋಸ್ ಕೀ ಮತ್ತು ಆರ್ ಒಟ್ಟಿಗೆ ಒತ್ತಿ, ಬರುವ ಚಿಕ್ಕ ಕಿಂಡಿಯಲ್ಲಿ ಟಿಪಿಎಂ ಡಾಟ್ ಎಂಎಸ್‌ಸಿ ಎಂದು ಇಂಗ್ಲಿಷ್ ಅಕ್ಷರಗಳಲ್ಲಿ ಟೈಪ್ ಮಾಡಿದರೆ ಸ್ಥಿತಿ ಗೊತ್ತಾಗುತ್ತದೆ. ಬಯೋಸ್‌ನಲ್ಲಿ ಇಂಟೆಲ್ ಯಂತ್ರಕ್ಕೆ ಇದರ ಹೆಸರು ಪಿಟಿಟಿ, ಎಎಂಡಿಗೆ ಎಫ್‌ಟಿಪಿಎಂ. ಆನ್ ಮಾಡಿದರೆ ಆಯಿತು. ಇದಕ್ಕೆ ಹೊಸ ಮದರ್‌ಬೋರ್ಡ್ ಬೇಕು ಎಂದು ಯಾರಾದರೂ ಹೇಳಿದರೆ ಇನ್ನೊಬ್ಬರಿಗೆ ತೋರಿಸಿ.

ಆದರೆ ಬಯೋಸ್‌ಗೆ ಕೈ ಹಾಕುವ ಮುನ್ನ ಎರಡು ಎಚ್ಚರಿಕೆ. ಬಿಟ್‌ಲಾಕರ್ ಆನ್ ಇದ್ದರೆ ಅದರ 48 ಅಂಕಿಯ ರಿಕವರಿ ಕೀ ಬರೆದಿಟ್ಟುಕೊಳ್ಳಿ. ಇಲ್ಲದಿದ್ದರೆ ನಿಮ್ಮದೇ ಫೈಲು ನಿಮಗೇ ಸಿಗದೆ ಹೋಗಬಹುದು. ಹಾಗೆಯೇ, ಲೆಗಸಿ ಮೋಡ್‌ನಲ್ಲಿರುವ ಹಳೆ ಯಂತ್ರವನ್ನು ಡಿಸ್ಕ್ ಪರಿವರ್ತಿಸದೆ ಯುಇಎಫ್‌ಐಗೆ ಬದಲಿಸಿದರೆ ವಿಂಡೋಸ್ ಬೂಟ್ ಆಗುವುದಿಲ್ಲ. ಇದು ಗೊತ್ತಿದ್ದವರ ಪಕ್ಕ ಕೂತು ಮಾಡುವ ಕೆಲಸ.

ನಿಜಕ್ಕೂ 11 ಹತ್ತದ ಯಂತ್ರ ಇದ್ದರೆ ಅದೂ ಗುಜರಿ ಅಲ್ಲ. ಇಂಟರ್‌ನೆಟ್ ಕೇಬಲ್ ತೆಗೆದು ಟೈಪಿಂಗ್, ಪ್ರಿಂಟಿಂಗ್‌ಗಷ್ಟೇ ಇಟ್ಟುಕೊಳ್ಳಬಹುದು. ಇಲ್ಲವೇ ಉಬುಂಟುವಿನಂಥ ಲಿನಕ್ಸ್ ಹಾಕಬಹುದು. ಲಿನಕ್ಸ್ ನಮಗಲ್ಲ ಎಂದು ಮೂಗು ಮುರಿಯುವವರಿಗೆ ಒಂದು ಮಾತು: ಕೇರಳದ ಸರ್ಕಾರಿ ಶಾಲೆಗಳಲ್ಲಿ ಕಂಪ್ಯೂಟರ್ ಕಲಿಸುವುದು ಲಿನಕ್ಸ್‌ನಲ್ಲೇ, ಕಾಸರಗೋಡಿನ ಕನ್ನಡ ಮಾಧ್ಯಮದ ಮಕ್ಕಳು ಕಲಿಯುವುದೂ ಅದನ್ನೇ. ಆದರೆ ಡಿಜಿಟಲ್ ಸಿಗ್ನೇಚರ್ ಟೋಕನ್, ಬೆರಳಚ್ಚು ಯಂತ್ರ ಬಳಸುವ ಸೆಂಟರ್‌ನವರು ತಮ್ಮ ಸಾಧನದ ಡ್ರೈವರ್ ಸಿಗುತ್ತದೆಯೇ ಎಂದು ಮೊದಲು ವಿಚಾರಿಸಿ.

ಸ್ಲೋ ಆಗಿದ್ದು, ಹ್ಯಾಕ್ ಆಗಿದ್ದು ನಿಜವೇ?

"ಅಕ್ಟೋಬರ್ ಆದಮೇಲೆ ನನ್ನ ಸಿಸ್ಟಂ ಸ್ಲೋ ಆಗಿದೆ" ಎನ್ನುವವರು ಮೊದಲು ಕ್ಯಾಬಿನೆಟ್ ಬಿಚ್ಚಿ ನೋಡಲಿ. ನಮ್ಮ ಕಡೆ ಬೇಸಿಗೆಯಲ್ಲಿ ಬಿಸಿಲು 40 ಡಿಗ್ರಿ ಮುಟ್ಟುತ್ತದೆ, ರಸ್ತೆ ಧೂಳು, ಮಿಲ್ಲಿನ ಹೊಟ್ಟು ಬೇರೆ. ಪ್ರೊಸೆಸರ್ ಮೇಲಿನ ಫ್ಯಾನ್ ಮತ್ತು ಹೀಟ್‌ಸಿಂಕ್ ನಡುವೆ ಧೂಳು ಕಂಬಳಿಯಂತೆ ಕೂತರೆ ಶಾಖ ಹೊರಗೆ ಹೋಗದು. ಆಗ ಪ್ರೊಸೆಸರ್ ಸುಟ್ಟುಹೋಗದಿರಲು ತಾನೇ ವೇಗ ತಗ್ಗಿಸಿಕೊಳ್ಳುತ್ತದೆ. ಬ್ಲೋವರ್ ಹೊಡೆಯುವಾಗ ಫ್ಯಾನ್ ರೆಕ್ಕೆಯನ್ನು ಬೆರಳಲ್ಲಿ ಹಿಡಿದುಕೊಳ್ಳಬೇಕು, ಗರಗರ ತಿರುಗಲು ಬಿಟ್ಟರೆ ಹಾಳಾಗಬಹುದು. ಧೂಳು ತೆಗೆದ ಮೇಲೂ ಸ್ಲೋ ಇದ್ದರೆ ಹಳೆ ಹಾರ್ಡ್ ಡಿಸ್ಕ್ ಬದಲು ಎಸ್‌ಎಸ್‌ಡಿ ಹಾಕಿಸಿ. ರೈಟ್ ಕ್ಲಿಕ್ ಮಾಡಿ ಹತ್ತು ಸಲ ರಿಫ್ರೆಶ್ ಕೊಟ್ಟರೆ ಏನೂ ವೇಗವಾಗುವುದಿಲ್ಲ, ಅದು ಪರದೆಯ ಐಕಾನ್‌ಗಳನ್ನು ಮತ್ತೆ ತೋರಿಸುತ್ತದೆ ಅಷ್ಟೇ.

"ಯಾವ ಸೈಟ್ ತೆಗೆದರೂ ಸುರಕ್ಷಿತವಲ್ಲ ಅಂತ ಬರ್ತಿದೆ, ಹ್ಯಾಕ್ ಆಗಿದೆ" ಎಂಬ ಗಾಬರಿಗೂ ಇಂಥದೇ ಸರಳ ಕಾರಣ ಇರಬಹುದು. ಪರದೆಯ ಮೂಲೆಯಲ್ಲಿ ದಿನಾಂಕ ನೋಡಿ. ಮದರ್‌ಬೋರ್ಡ್ ಮೇಲೆ ನಾಣ್ಯದಂಥ ಒಂದು ಸೆಲ್ ಇರುತ್ತದೆ, ಸಿಆರ್2032 ಅಂತ ಹೆಸರು: 20 ಮಿಲಿಮೀಟರ್ ಅಗಲ, 3.2 ಮಿಲಿಮೀಟರ್ ದಪ್ಪ, 3 ವೋಲ್ಟ್. ಕರೆಂಟ್ ಇಲ್ಲದಾಗ ಗಡಿಯಾರ ನಡೆಸುವುದು ಅದೇ. ಅದು ಸತ್ತರೆ ಪ್ರತಿ ಸಲ ಕರೆಂಟ್ ಹೋಗಿ ಬಂದಾಗ ದಿನಾಂಕ ಹಳೆ ವರ್ಷಕ್ಕೆ ಹೋಗುತ್ತದೆ. ಪ್ರತಿ ಸುರಕ್ಷಿತ ವೆಬ್‌ಸೈಟಿನ ಪ್ರಮಾಣಪತ್ರಕ್ಕೆ ಶುರುವಿನ, ಕೊನೆಯ ದಿನಾಂಕ ಇರುತ್ತದೆ. ನಿಮ್ಮ ಕಂಪ್ಯೂಟರ್ ಲೆಕ್ಕದಲ್ಲಿ ಆ ದಿನ ಇನ್ನೂ ಬಂದೇ ಇಲ್ಲವಾದ್ದರಿಂದ ಬ್ರೌಸರ್ ಒಳಗೆ ಬಿಡುವುದಿಲ್ಲ. ಸೆಲ್ ಬದಲಿಸಿ ದಿನಾಂಕ ಸರಿಪಡಿಸಿದರೆ ಮುಗಿಯಿತು.

ಕನ್ನಡ ಫೈಲ್ ತೆಗೆದಾಗ ಅಕ್ಷರವೆಲ್ಲ ಇಂಗ್ಲಿಷ್ ಚಿಹ್ನೆಗಳ ರಾಶಿಯಂತೆ ಕಂಡರೂ ವೈರಸ್ ಎಂದು ಹೌಹಾರಬೇಡಿ. ಹಳೆಯ ನುಡಿ ಫಾಂಟ್‌ನಲ್ಲಿ ಬರೆದದ್ದು ಆ ಫಾಂಟ್ ಇಲ್ಲದ ಕಂಪ್ಯೂಟರಲ್ಲಿ ಹಾಗೇ ಕಾಣುತ್ತದೆ. ವಿಂಡೋಸ್ ಬದಲಿಸುವ ಮುನ್ನ ಫಾಂಟ್‌ಗಳನ್ನೂ ಬ್ಯಾಕಪ್‌ಗೆ ಸೇರಿಸಿ.

ನಿಜವಾದ ಮೋಸ ಬೇರೆ ಕಡೆ ಇದೆ. "ವಿಂಡೋಸ್ ಅವಧಿ ಮುಗಿದಿದೆ, ಈ ನಂಬರಿಗೆ ಕರೆ ಮಾಡಿ" ಎಂದು ಪರದೆ ತುಂಬಾ ಬಂದರೆ ಮಾಡಬೇಡಿ. ಮೈಕ್ರೋಸಾಫ್ಟ್‌ನ ಎಚ್ಚರಿಕೆಗಳಲ್ಲಿ ಫೋನ್ ನಂಬರ್ ಇರುವುದಿಲ್ಲ. ಅಪರಿಚಿತರ ಮಾತು ಕೇಳಿ ಎನಿಡೆಸ್ಕ್ ಹಾಕಿದ್ದರೆ ಇಂಟರ್‌ನೆಟ್ ಕಿತ್ತುಹಾಕಿ, ಹಣ ಹೋಗಿದ್ದರೆ ತಡಮಾಡದೆ 1930ಕ್ಕೆ ಕರೆ ಮಾಡಿ.

ಕೊಡುವುದಾದರೂ ಡಿಸ್ಕ್ ಕೊಡಬೇಡಿ

ಆನ್‌ಲೈನ್ ಸೆಂಟರಿನ ಹಳೆ ಕಂಪ್ಯೂಟರ್ ಎಂದರೆ ಊರಿನವರ ಆಧಾರ್, ಪಾಸ್‌ಬುಕ್, ಪಹಣಿ ಸ್ಕ್ಯಾನ್‌ಗಳ ಗೋದಾಮು. ಡಿಲೀಟ್ ಮಾಡಿದರೆ, ಕ್ವಿಕ್ ಫಾರ್ಮ್ಯಾಟ್ ಹೊಡೆದರೆ ಅಳಿಯುವುದು ಫೈಲುಗಳ ಪಟ್ಟಿ ಮಾತ್ರ. ರಿಕವರಿ ಸಾಫ್ಟ್‌ವೇರ್ ಹಾಕಿದರೆ ಫೈಲುಗಳು ಮತ್ತೆ ಎದ್ದು ಬರಬಹುದು. ಹಾರ್ಡ್ ಡಿಸ್ಕ್ ಆದರೆ ಕ್ವಿಕ್ ಎಂಬ ಟಿಕ್ ತೆಗೆದು ಪೂರ್ತಿ ಫಾರ್ಮ್ಯಾಟ್ ಮಾಡಿ. ಗಂಟೆಗಟ್ಟಲೆ ಹಿಡಿದರೂ ಮೇಲೆಲ್ಲ ಸೊನ್ನೆ ಬರೆಯುತ್ತದೆ. ಅದಕ್ಕೂ ಸುಲಭ, ಡಿಸ್ಕ್ ಬಿಚ್ಚಿಟ್ಟುಕೊಂಡು ಉಳಿದದ್ದನ್ನು ಮಾರಿ.

ಈ ಕೆಲಸ ಕಲಿಯಬೇಕೆನ್ನುವವರಿಗೆ

"15 ದಿನದಲ್ಲಿ ಹಾರ್ಡ್‌ವೇರ್, ನೆಟ್‌ವರ್ಕಿಂಗ್, ಕೆಲಸ ಗ್ಯಾರಂಟಿ" ಎಂಬುದು ಇನ್ನೊಂದು ಬಗೆಯ ಫಾರ್ವರ್ಡ್. ಮುಂಗಡ ಹಣ ಕೇಳಿ ಕೆಲಸದ ಗ್ಯಾರಂಟಿ ಕೊಡುವ ಕಡೆ ಹೋಗದಿರುವುದೇ ಒಳ್ಳೆಯದು. ಎಸ್ಸೆಸ್ಸೆಲ್ಸಿ ಮುಗಿಸಿದವರಿಗೆ ಐಟಿಐನಲ್ಲಿ ಕೋಪಾ ಎಂಬ ಒಂದು ವರ್ಷದ ಕಂಪ್ಯೂಟರ್ ಟ್ರೇಡ್ ಇದೆ, ಸಿಗುವುದು ದೇಶದೆಲ್ಲೆಡೆ ನಡೆಯುವ ಪ್ರಮಾಣಪತ್ರ. ನಿಮ್ಮ ಹತ್ತಿರದ ಐಟಿಐನಲ್ಲಿ ಆ ಟ್ರೇಡ್ ಇದೆಯೇ ಎಂದು ಅಲ್ಲೇ ಹೋಗಿ ವಿಚಾರಿಸಿ. ಆದರೆ ಕೋಪಾದಲ್ಲಿ ಸಾಫ್ಟ್‌ವೇರ್ ಪಾಲು ಜಾಸ್ತಿ, ಸ್ಕ್ರೂ ಡ್ರೈವರ್ ಹಿಡಿಯುವ ಕೆಲಸ ಅಂಗಡಿಯಲ್ಲೇ ಕಲಿಯಬೇಕು. ಜನ ಗುಜರಿಗೆ ಹಾಕಲು ಹೊರಟಿರುವ ಕಂಪ್ಯೂಟರೇ ಅದಕ್ಕೆ ಒಳ್ಳೆಯ ಪಾಠಶಾಲೆ.

ರ‍್ಯಾಮ್ ಉದಾಹರಣೆ ತೆಗೆದುಕೊಳ್ಳಿ. ರ‍್ಯಾಮ್ ಕಿತ್ತು ರಬ್ಬರಿನಿಂದ ಉಜ್ಜಿ ಹಾಕಿದರೆ ಡಿಸ್‌ಪ್ಲೇ ಬರುತ್ತದೆ ಎಂಬುದು ಮಾಟ ಅಲ್ಲ, ತಕ್ಕಮಟ್ಟಿಗೆ ನಿಜ. ಅದರ ಹಳದಿ ಪಟ್ಟಿಗಳ ಮೇಲಿನ ಕೊಳೆ ಹೋಗುತ್ತದೆ. ಎಷ್ಟೋ ಸಲ ಉಜ್ಜದೆ ಸುಮ್ಮನೆ ತೆಗೆದು ಹಾಕಿದರೂ ಸರಿಹೋಗುತ್ತದೆ. ಗಟ್ಟಿಯಾಗಿ ಉಜ್ಜಿದರೆ ಚಿನ್ನದ ಲೇಪ ಸವೆಯುತ್ತದೆ, ಐಸೊಪ್ರೊಪೈಲ್ ಆಲ್ಕೊಹಾಲ್‌ನಲ್ಲಿ ಒರೆಸುವುದು ಮೇಲು. ಪ್ಲಗ್ ಕಿತ್ತು, ಪವರ್ ಬಟನ್ ಒಮ್ಮೆ ಒತ್ತಿ, ಕ್ಯಾಬಿನೆಟ್ಟಿನ ಲೋಹ ಮುಟ್ಟಿ, ಆಮೇಲೆ ಕೈ ಹಾಕಬೇಕು. ಒಂದು ಸಲಕ್ಕೆ ಒಂದೇ ಬದಲಾವಣೆ ಮಾಡಿ ನೋಡಬೇಕು. ರ‍್ಯಾಮ್, ಸೆಲ್, ಕೇಬಲ್ ಎಲ್ಲ ಒಟ್ಟಿಗೆ ಬದಲಿಸಿದರೆ ಯಂತ್ರ ಆನ್ ಆದರೂ ತಪ್ಪು ಎಲ್ಲಿತ್ತು ಎಂದು ಗೊತ್ತಾಗುವುದಿಲ್ಲ, ಗಿರಾಕಿ ಮಾತ್ರ ಮೂರಕ್ಕೂ ದುಡ್ಡು ಕೊಡುತ್ತಾನೆ.

ಎಲ್ಲಾ ಕ್ಲೌಡ್‌ಗೆ ಹೋಯಿತು, ಎಐ ಬಂತು, ಇನ್ನು ಈ ಕೆಲಸ ಯಾರಿಗೆ ಬೇಕು ಎಂದು ಕೇಳುವವರಿದ್ದಾರೆ. 2024ರ ಜುಲೈ 19ರಂದು ಕ್ರೌಡ್‌ಸ್ಟ್ರೈಕ್ ಎಂಬ ಭದ್ರತಾ ಕಂಪನಿಯ ಒಂದು ತಪ್ಪು ಅಪ್‌ಡೇಟ್‌ನಿಂದ ಜಗತ್ತಿನಾದ್ಯಂತ ಸುಮಾರು 85 ಲಕ್ಷ ವಿಂಡೋಸ್ ಕಂಪ್ಯೂಟರ್‌ಗಳು ನೀಲಿ ಪರದೆ ತೋರಿಸಿ ನಿಂತವು. ನಮ್ಮ ವಿಮಾನ ನಿಲ್ದಾಣಗಳಲ್ಲಿ ಪ್ರಯಾಣಿಕರಿಗೆ ಕೈಯಲ್ಲಿ ಬರೆದ ಬೋರ್ಡಿಂಗ್ ಪಾಸ್ ಕೊಟ್ಟರು. ಕಂಪನಿ ತಪ್ಪು ಸರಿಪಡಿಸಿದ ಮೇಲೂ, ಬೂಟ್ ಆಗದೆ ನಿಂತ ಬಹಳಷ್ಟು ಯಂತ್ರಗಳ ಮುಂದೆ ಒಬ್ಬರು ಹೋಗಿ ಕೂತು, ಸೇಫ್ ಮೋಡ್‌ನಲ್ಲಿ ತೆಗೆದು, ಆ ಒಂದು ಫೈಲನ್ನು ಕೈಯಾರೆ ಅಳಿಸಬೇಕಾಯಿತು.