ಸಾರಣೆಗೆ ಮೊದಲು: ಕಾಸರಗೋಡಿನ ಒಂದು ಮುರಕಲ್ಲು ಗೋಡೆ

ಪರದೆಯಲ್ಲಿ ಕಾಣ್ತಾ ಇರುವುದು ನಮ್ಮ ಮನೆಯ ಪಡುದಿಕ್ಕಿನ ಗೋಡೆ. ಕಾಸರಗೋಡಿನ ಒಳನಾಡಿನ ಮುರಕಲ್ಲಿನ ಮನೆ ಇದು. ಕೆಳಭಾಗದಲ್ಲಿ ಸಿಮೆಂಟಿನ ಸಾರಣೆ ಹಪ್ಪಳದ ಹಾಗೆ ಉಬ್ಬಿ ಬಿದ್ದಿದೆ. ಬಿದ್ದ ತುಂಡಿನ ಹಿಂಬದಿ ನೋಡಿ: ಅಂಟಿಕೊಂಡು ಬಂದದ್ದು ಹಳೆಯ ಸುಣ್ಣದ ಪದರ. ಸಿಮೆಂಟು ಹಿಡಿದದ್ದು ಬರೇ ಸುಣ್ಣವನ್ನು, ಗೋಡೆಯನ್ನಲ್ಲ.

ಮುರಕಲ್ಲಿಗೆ ‘ಲ್ಯಾಟರೈಟ್’ ಎಂದು ಹೆಸರಿಟ್ಟವನು ಫ್ರಾನ್ಸಿಸ್ ಬುಕಾನನ್. 1800-01ರ ಪ್ರವಾಸದಲ್ಲಿ ಮಲಬಾರಿನ ಅಂಗಾಡಿಪುರದಲ್ಲಿ ಇದನ್ನು ನೋಡಿ, 1807ರಲ್ಲಿ ಅಚ್ಚಾದ ತನ್ನ ಗ್ರಂಥದಲ್ಲಿ, ಇಟ್ಟಿಗೆ ಎಂಬ ಅರ್ಥದ ಲ್ಯಾಟಿನ್ ಪದದಿಂದ ಹೆಸರು ಕೊಟ್ಟ. ನೆಲದಲ್ಲಿರುವಾಗ ಮೆತ್ತಗೆ, ಗಾಳಿ ತಾಗಿದ ಮೇಲೆ ಗಟ್ಟಿ. ಬೇಕಲ, ಚಂದ್ರಗಿರಿ ಕೋಟೆಗಳೂ ಇದೇ ಕಲ್ಲಿನವು. ಅವನ್ನು ಕಟ್ಟಿಸಿದ ಇಕ್ಕೇರಿ ಅರಸರ ವಿಷಯ ಚರಿತ್ರೆಯ ಪುಸ್ತಕಗಳಲ್ಲಿ ಉಂಟು. ಗೋಡೆ ತೊಳೆದವರು, ಕಚ್ಚು ಹೊಡೆದವರು ಎಲ್ಲಿಯೂ ಇಲ್ಲ.

ಆ ಕೆಲಸ ಏನೆಂದು ನಾನು ಕಲಿತದ್ದು ನಮ್ಮೂರಿನ ಒಬ್ಬರು ಮುದಿ ಮೇಸ್ತ್ರಿಯಿಂದ. ಮುರಕಲ್ಲಿನ ಮೈ ತುಂಬ ತೂತು. ಆ ತೂತುಗಳಲ್ಲಿ ಹುಡಿ ಕೂತಿರ್ತದೆ, ಮಳೆಗಾಲದಲ್ಲಿ ಪಾಚಿ. ಹಳೆ ಮನೆಗಳಲ್ಲಿ ಕಲ್ಲಿನ ನಡುವೆ ಇರುವುದು ಬರೇ ಕೆಮ್ಮಣ್ಣು. ಮೊದಲು ಆ ಸಂದಿನ ಮಣ್ಣನ್ನು ಸುಮಾರು ಅರ್ಧ ಇಂಚು ಕೆರೆದು ತೆಗೆಯಬೇಕು. ಹಳೆ ಸುಣ್ಣವನ್ನು ಪದರ ಪದರವಾಗಿ ಬಿಡಿಸಬೇಕು, ನುಣುಪಾದಲ್ಲಿ ಕಚ್ಚು ಹಾಕಬೇಕು, ಆಮೇಲೆ ತೆಂಗಿನ ನಾರಿನಿಂದ ಉಜ್ಜಿ ತೊಳೆಯಬೇಕು. ಕೊನೆಗೆ ನೀರು ಕುಡಿಸುವುದು. "ಕಲ್ಲಿಗೆ ಬಾಯಾರಿಕೆ ಉಂಟು ಮಾರಾಯ್ರೆ, ನೀವು ಕೊಡದಿದ್ರೆ ಅದು ಗಾರೆಯಿಂದ ಎಳಕೊಳ್ತದೆ" ಅಂದರು. ಒಣಗಲ್ಲು ಗಾರೆಯ ನೀರನ್ನು ಹೀರಿಬಿಟ್ಟರೆ ಗಾರೆ ಬಲಿಯುವ ಮೊದಲೇ ಒಣಗಿ ಹುಡಿಯಾಗ್ತದೆ. ಚಿಪ್ಪಿನ ಸುಣ್ಣಕ್ಕಂತೂ ತೇವ ಇದ್ದರೇ ಗಾಳಿಯ ಇಂಗಾಲಾಮ್ಲವನ್ನು ಎಳೆದುಕೊಂಡು ನಿಧಾನಕ್ಕೆ ಕಲ್ಲಾಗಲು ಸಾಧ್ಯ. ಹಾಗಂತ ನೀರು ಸುರಿಯುವ ಗೋಡೆಯ ಮೇಲೆ ಹಚ್ಚಿದರೆ ಜಾರ್ತದೆ. ಮೇಲಿನ ನೀರು ಹೀರಿ ಹೋಗಿ, ಕೈ ಇಟ್ಟರೆ ತಣ್ಣಗಿರಬೇಕು, ಅಷ್ಟೇ.

ನಮ್ಮ ಮನೆಯಲ್ಲಿ ಇದೊಂದೂ ಆಗಲಿಲ್ಲ. ಮದುವೆಯ ಗಡಿಬಿಡಿ, ಹತ್ತು ದಿನದಲ್ಲಿ ಮುಗಿಯಬೇಕು ಅಂತ ನಾವೇ ಹೇಳಿದ್ದು. ಮೇಲಾಗಿ ಸಿಮೆಂಟು ನೀರಾವಿಯನ್ನು ಸುಣ್ಣದಷ್ಟು ಸಲೀಸಾಗಿ ಹೊರಗೆ ಬಿಡುವುದಿಲ್ಲ. ವರ್ಷಕ್ಕೆ 3000 ಮಿಲಿಮೀಟರಿಗೂ ಮಿಕ್ಕಿ ಮಳೆ ಬೀಳುವ ಊರಲ್ಲಿ, ಮಣ್ಣಿನ ಸಂದಿನ ಗೋಡೆಯೊಳಗೆ ಆ ತೇವ ಎಲ್ಲಿಗೆ ಹೋಗಬೇಕು?

ಇನ್ನು ಚರಿತ್ರೆಯ ಪ್ರಶ್ನೆ. ಎರಡನೇ ಚಿತ್ರದಲ್ಲಿ ಹಳೆಯ ಗಾರೆಯೂ ಕಳಚಿ, ಕಲ್ಲಿನ ಮೇಲೆ ಓರೆಯಾದ ಕಚ್ಚುಗಳು ಕಾಣ್ತವೆ. ಕಲ್ಲು ಕೆತ್ತುವಾಗ ಬಿದ್ದ ಗುರುತು ಅಂತ ನಾನೂ ಮೊದಲು ಅಂದುಕೊಂಡಿದ್ದೆ. ಆದರೆ ಹಲವು ಕಚ್ಚುಗಳು ಸಂದನ್ನು ದಾಟಿ ಪಕ್ಕದ ಕಲ್ಲಿಗೆ ಮುಂದುವರಿದಿವೆ. ಹಾಗಾದರೆ ಅವು ಗೋಡೆ ಎದ್ದ ಮೇಲೆ, ಗಾರೆಗಾಗಿಯೇ ಹಾಕಿದವು. ಯಾವ ಕಾಲದ್ದು ಅಂತ ಗುರುತಿನಿಂದ ಮಾತ್ರ ಹೇಳಲಿಕ್ಕಾಗದು. ಮೊದಲ ಗಾರೆಯದ್ದೋ, ನಡುವಿನ ರಿಪೇರಿಯದ್ದೋ.

ಮಾತಿನ ವಿಷಯವೂ ಉಂಟು. 1956ರ ನವೆಂಬರ್ 1ರಂದು ದಕ್ಷಿಣ ಕನ್ನಡದಿಂದ ಬಿಟ್ಟು ಕಾಸರಗೋಡು ಕೇರಳಕ್ಕೆ ಸೇರಿತು. ಈಗ ನಮ್ಮನೆಗೆ ಬರುವ ಕೆಲಸದ ಬಿಲ್ಲಿನಲ್ಲಿ ‘ತೇಪ್ಪ್’. ಮುದಿ ಮೇಸ್ತ್ರಿಯ ಬಾಯಲ್ಲಿ ‘ಸಾರಣೆ’. ಪದ ಬದಲಾದದ್ದಕ್ಕೆ ನನಗೆ ದೊಡ್ಡ ದುಃಖವಿಲ್ಲ, ಎರಡೂ ಭಾಷೆ ಆಡುವ ಊರು ನಮ್ಮದು. ಆದರೆ ಆ ಬಿಲ್ಲಿನಲ್ಲಿ ಕೆರೆಯುವುದಕ್ಕೆ, ತೊಳೆಯುವುದಕ್ಕೆ, ನೀರು ಕುಡಿಸುವುದಕ್ಕೆ ಒಂದು ಸಾಲೂ ಇರಲಿಲ್ಲ, ಯಾವ ಭಾಷೆಯಲ್ಲೂ.

ಮಳೆ ಬಿಟ್ಟ ಮೇಲೆ ಈ ಗೋಡೆಗೆ ಮತ್ತೆ ಗಾರೆ ಹಚ್ತೇವೆ. ಅದರೊಳಗೆ ಕಚ್ಚುಗಳ ಅಳತೆ ತೆಗೆದು ಮುಗಿಸಬೇಕು. ಯಾರಾದರೂ ರಜೆಯಲ್ಲಿ ಬರ್ತೀರಾದ್ರೆ ಹೇಳಿ, ಏಣಿ ಹಿಡಿಯಲಿಕ್ಕೆ ಒಬ್ಬರು ಬೇಕು.