ಚಾಕುಲಿಯಾದ ರನ್‌ವೇ: ಹಾರಿದವರ ಹೆಸರಿದೆ, ಕಲ್ಲು ಹೊತ್ತವರ ಹೆಸರಿಲ್ಲ

ಜಾರ್ಖಂಡ್‌ನ ಪೂರ್ವ ಸಿಂಗ್‌ಭೂಮ್ ಜಿಲ್ಲೆಯಲ್ಲಿ, ಪಶ್ಚಿಮ ಬಂಗಾಳದ ಗಡಿ ಹತ್ತಿರ ಚಾಕುಲಿಯಾ ಎಂಬ ಸಣ್ಣ ಊರಿದೆ. ಟಾಟಾನಗರದಿಂದ ಹೌರಾ ಕಡೆ ಹೋಗುವ ರೈಲು ಈ ಊರಿನ ಮೇಲೇ ಹಾದುಹೋಗುತ್ತದೆ. ಸುತ್ತ ಕೆಂಪು ಮಣ್ಣು, ಸಾಲ್ ಮರದ ಕಾಡು, ಸಂತಾಲರ ಹಳ್ಳಿಗಳು. ಊರಾಚೆ ಎರಡು ಕಿಲೋಮೀಟರಿಗೂ ಉದ್ದದ ಹಳೆಯ ರನ್‌ವೇ ಒಂದಿದೆ. ಎರಡನೇ ಮಹಾಯುದ್ಧದಲ್ಲಿ ಅಮೆರಿಕದ 40ನೇ ಬಾಂಬರ್ ದಳ ಬೀಡುಬಿಟ್ಟಿದ್ದು ಇಲ್ಲೇ.

ಬರ್ಮಾ ಮತ್ತು ಚೀನಾದ ದೊಡ್ಡ ಭಾಗ ಆಗ ಜಪಾನಿನ ಕೈಯಲ್ಲಿತ್ತು. ಜಪಾನಿನ ಮೇಲೆ ಬಾಂಬ್ ಹಾಕಲು ಅಮೆರಿಕ ಬಿ-29 ಎಂಬ ಹೊಸ ವಿಮಾನ ಕಟ್ಟಿತ್ತು. ನಾಲ್ಕು ಎಂಜಿನ್, ಹನ್ನೊಂದು ಜನ ಸಿಬ್ಬಂದಿ, ರೆಕ್ಕೆಯ ಈ ತುದಿಯಿಂದ ಆ ತುದಿಗೆ 43 ಮೀಟರ್. ತುಂಬಿದ ತೂಕ ಸುಮಾರು 60 ಟನ್. ಇಂಥ ವಿಮಾನಕ್ಕೆ ಮಾಮೂಲಿ ರನ್‌ವೇ ಸಾಲದು. ಅದಕ್ಕೇ ಖರಗ್‌ಪುರದ ಸುತ್ತಮುತ್ತ ಇದ್ದ ಹಳೆಯ ರನ್‌ವೇಗಳನ್ನು ಉದ್ದ ಮಾಡಿದರು. ಅಮೆರಿಕದ ಎಂಜಿನಿಯರ್‌ಗಳ ಜೊತೆ ಸಾವಿರಾರು ಭಾರತೀಯ ಕೂಲಿಗಳು ದುಡಿದರು. ಮೊದಲ ಬಿ-29 ಚಾಕುಲಿಯಾದಲ್ಲಿ ಇಳಿದದ್ದು 1944ರ ಏಪ್ರಿಲ್ 2ರಂದು.

ಪಕ್ಕದಲ್ಲೇ ಬರಗಾಲ

ಈ ಕೆಲಸ ನಡೆದ ಕಾಲವನ್ನು ಗಮನಿಸಬೇಕು. ಖರಗ್‌ಪುರ ಇರುವುದು ಆಗಿನ ಮಿಡ್ನಾಪುರ ಜಿಲ್ಲೆಯಲ್ಲಿ. 1942ರ ಅಕ್ಟೋಬರಿನಲ್ಲಿ ಚಂಡಮಾರುತ ಆ ಜಿಲ್ಲೆಯ ಕರಾವಳಿಯನ್ನು ಹಾಳುಗೆಡವಿತ್ತು. ಬರ್ಮಾದ ಅಕ್ಕಿ ನಿಂತಿತ್ತು. ಜಪಾನಿಯರ ಕೈಗೆ ಸಿಗಬಾರದೆಂದು ಬ್ರಿಟಿಷರು ಕರಾವಳಿಯ ಅಕ್ಕಿಯನ್ನೂ ದೋಣಿಗಳನ್ನೂ ಕಿತ್ತುಕೊಂಡಿದ್ದರು. 1943ರಲ್ಲಿ ಶುರುವಾದ ಬರಗಾಲ ಮತ್ತು ಅದರ ಹಿಂದೆ ಬಂದ ರೋಗಗಳಿಗೆ ಬಂಗಾಳದಲ್ಲಿ ಸತ್ತವರು ಸುಮಾರು 30 ಲಕ್ಷ ಎಂಬುದು ಒಂದು ಅಂದಾಜು. ಜನ ಗಂಜಿಗೆ ಸಾಲು ನಿಂತಿದ್ದ ಆ ಸೀಮೆಗೆ ಸಿಮೆಂಟ್ ಬಂತು, ಬಾಂಬ್ ಬಂತು, ಕೋಲ್ಕತ್ತಾ ಬಳಿಯ ಬಜ್ ಬಜ್‌ನಿಂದ ಪೆಟ್ರೋಲ್ ಪೈಪ್‌ಲೈನೂ ಬಂತು. ಅಕ್ಕಿ ಮಾತ್ರ ಹೊತ್ತಿಗೆ ಬರಲಿಲ್ಲ.

ಪೆಟ್ರೋಲ್ ಹೊರುವ ಬಾಂಬರ್

ಭಾರತದಿಂದ ಜಪಾನಿಗೆ ನೇರವಾಗಿ ಹಾರಲು ಆಗುತ್ತಿರಲಿಲ್ಲ. ಮೊದಲು ಹಿಮಾಲಯದ ಪೂರ್ವ ತುದಿ ದಾಟಿ ಚೀನಾದ ಚೆಂಗ್ಡು ಸೇರಬೇಕು. ಅಲ್ಲಿನ ರನ್‌ವೇಗಳನ್ನು ಕಟ್ಟಲು ಮೂರು ಲಕ್ಷಕ್ಕೂ ಹೆಚ್ಚು ರೈತರನ್ನು ಕರೆತಂದಿದ್ದರು. ಕಲ್ಲನ್ನು ಕೈಯಲ್ಲೇ ಒಡೆದು, ಬುಟ್ಟಿಯಲ್ಲಿ ಹೊತ್ತು ಹಾಸಿದರು. ದೊಡ್ಡ ಕಲ್ಲಿನ ರೋಲರುಗಳನ್ನು ನೂರಾರು ಜನ ಹಗ್ಗ ಕಟ್ಟಿ ಎಳೆದರು.

ಚೆಂಗ್ಡುವಿನಲ್ಲಿ ಪೆಟ್ರೋಲ್ ಇರಲಿಲ್ಲ. ಅದನ್ನೂ ಭಾರತದಿಂದಲೇ ಹೊರಬೇಕು. ಒಂದು ಬಿ-29 ಒಂದು ಸಲ ದಾಳಿಗೆ ಹೊರಡಬೇಕಾದರೆ, ಅದರ ಪೆಟ್ರೋಲ್ ಸೇರಿಸಲು ಹಿಮಾಲಯದ ಮೇಲೆ ಸುಮಾರು ಆರು ಸಲ ಹೋಗಿ ಬರಬೇಕಿತ್ತು.

1944ರ ಜೂನ್ 5ರಂದು ಮೊದಲ ದಾಳಿ. ಭಾರತದಿಂದ 98 ವಿಮಾನಗಳು ಬ್ಯಾಂಕಾಕ್‌ನ ರೈಲ್ವೆ ಯಾರ್ಡಿಗೆ ಹೊರಟವು. ಹತ್ತು ದಿನದ ನಂತರ ಚೆಂಗ್ಡುವಿನಿಂದ ಜಪಾನಿನ ಯಾವಾಟಾ ಉಕ್ಕಿನ ಕಾರ್ಖಾನೆ ಮೇಲೆ ರಾತ್ರಿ ದಾಳಿ ನಡೆಯಿತು. ಸುದ್ದಿ ದೊಡ್ಡದಾಯಿತು, ಕಾರ್ಖಾನೆಗೆ ಆದ ಹಾನಿ ತೀರಾ ಸಣ್ಣದು. ಹೊಸ ಎಂಜಿನ್‌ಗಳು ವಿಪರೀತ ಬಿಸಿಯಾಗಿ ಬೆಂಕಿ ಹೊತ್ತಿಕೊಳ್ಳುತ್ತಿದ್ದವು. ಚಾಕುಲಿಯಾ ನೆಲದ ಮೇಲೂ ಸಾವು ಕಂಡಿತು. 1945ರ ಜನವರಿ 14ರಂದು ವಿಮಾನದಿಂದ ಬಾಂಬ್ ಇಳಿಸುವಾಗ ಸ್ಫೋಟವಾಗಿ ದಳದ ಹಲವರು ಸತ್ತರು. ಅಷ್ಟರಲ್ಲಿ ಪೆಸಿಫಿಕ್ ಸಾಗರದ ಮರಿಯಾನಾ ದ್ವೀಪಗಳು ಅಮೆರಿಕದ ಕೈಗೆ ಬಂದಿದ್ದವು. ಅಲ್ಲಿಗೆ ಹಡಗಿನಲ್ಲೇ ಪೆಟ್ರೋಲ್ ತರಬಹುದಿತ್ತು. ವರ್ಷ ತುಂಬುವ ಹೊತ್ತಿಗೆ ದಳ ಚಾಕುಲಿಯಾ ಬಿಟ್ಟು ಟಿನಿಯನ್ ದ್ವೀಪಕ್ಕೆ ಹೊರಟಿತು.

ಈ ಯುದ್ಧ ನಮ್ಮ ಬೆಂಗಳೂರಿಗೂ ಕೆಲಸ ಕೊಟ್ಟಿತ್ತು. ಮೈಸೂರು ಸಂಸ್ಥಾನದ ಪಾಲಿನೊಂದಿಗೆ 1940ರಲ್ಲಿ ಶುರುವಾದ ಹಿಂದೂಸ್ತಾನ್ ಏರ್‌ಕ್ರಾಫ್ಟ್ ಕಾರ್ಖಾನೆ, ಅಂದರೆ ಇಂದಿನ ಎಚ್‌ಎಎಲ್, ಅಮೆರಿಕದ ಯುದ್ಧ ವಿಮಾನಗಳ ರಿಪೇರಿ ಮಾಡುತ್ತಿತ್ತು. ಯುದ್ಧ ಮುಗಿದ ಮೇಲೆ ಕಾನ್ಪುರದಲ್ಲಿ ಗುಜರಿಗೆ ಬಿಟ್ಟುಹೋದ ಲಿಬರೇಟರ್ ಬಾಂಬರ್‌ಗಳನ್ನು ಸರಿಮಾಡಿ ಭಾರತದ ವಾಯುಪಡೆಗೆ ಕೊಟ್ಟವರೂ ಇಲ್ಲಿನ ಕೆಲಸಗಾರರೇ.

40ನೇ ದಳದ ಸೈನಿಕರು ಮುಪ್ಪಿನಲ್ಲಿ ಒಂದು ಸಂಘ ಕಟ್ಟಿಕೊಂಡು ತಮ್ಮ ನೆನಪುಗಳನ್ನು ಬರೆದು ಅಚ್ಚು ಹಾಕಿಸಿದರು. ಯಾವ ವಿಮಾನದಲ್ಲಿ ಯಾರಿದ್ದರು, ಯಾವಾಗ ಸತ್ತರು ಎಂಬುದು ಹೆಸರು ಸಮೇತ ಸಿಗುತ್ತದೆ. ರನ್‌ವೇಗೆ ಕಲ್ಲು ಹೊತ್ತವರು ಪುಸ್ತಕಗಳಲ್ಲಿ ಬರೀ "ಕೂಲಿಗಳು", ಅದೂ ಒಂದು ಸಂಖ್ಯೆಯಾಗಿ. ಆ ರನ್‌ವೇ ಇಲ್ಲದಿದ್ದರೆ ಅರವತ್ತು ಟನ್ನಿನ ವಿಮಾನ ಮೇಲೇಳುತ್ತಲೇ ಇರಲಿಲ್ಲ. ಇವತ್ತಿಗೂ ನಮ್ಮ ಸುತ್ತಲಿನ ಅಣೆಕಟ್ಟು, ಕಾಲುವೆ, ಹೆದ್ದಾರಿಗಳ ಕಲ್ಲಿನ ಮೇಲೆ ಉದ್ಘಾಟಿಸಿದವರ ಹೆಸರಿರುತ್ತದೆ. ಅವುಗಳಿಗೆ ಮಣ್ಣು ಹೊತ್ತ ಅಜ್ಜ, ಅಜ್ಜಿ ನಿಮ್ಮ ಮನೆಯಲ್ಲಿದ್ದರೆ ಅವರ ಮಾತನ್ನು ಫೋನಿನಲ್ಲಿ ರೆಕಾರ್ಡ್ ಮಾಡಿಟ್ಟುಕೊಳ್ಳಿ. ಅವರು ಹೋದ ಮೇಲೆ ಹೇಳುವವರು ಯಾರೂ ಇರುವುದಿಲ್ಲ.