ಕೆರೆ, ಕುಂಟೆ, ಕುರುಚಲು: ದಕ್ಷಿಣ ಬೆಂಗಳೂರಿನ ಜೀವನೆಲೆಗಳು

ದಕ್ಷಿಣ ಬೆಂಗಳೂರಿನ ಬಡಾವಣೆಗಳು ಹಳ್ಳಿಗಳ ನೆಲದ ಮೇಲೆ ಹರಡಿಕೊಂಡಂಥವು. 1948ರಲ್ಲಿ ಜಯನಗರಕ್ಕೆ ಅಡಿಗಲ್ಲು ಬಿದ್ದ ನಂತರದ ದಶಕಗಳಲ್ಲಿ ಹೊಲ, ಗೋಮಾಳ, ಗುಂಡುತೋಪುಗಳು ನಿವೇಶನಗಳಾದವು. ಊರ ಹೆಸರುಗಳು ಮಾತ್ರ ಬಸ್ಸುಗಳ ಫಲಕದಲ್ಲಿ ಉಳಿದವು. ಕೋಣನಕುಂಟೆ ಎಂಬಲ್ಲಿ ಕುಂಟೆಯ, ಹುಳಿಮಾವು ಎಂಬಲ್ಲಿ ಮರದ, ಬನಶಂಕರಿ ಎಂಬಲ್ಲಿ ಬನದ ನೆನಪಿದೆ. (ಬನಶಂಕರಿಯ ಬನ ಬಾದಾಮಿಯ ಸಮೀಪದ್ದು ಎಂಬುದು ಬೇರೆ ಮಾತು.) ಈ ಪದಗಳನ್ನು ಸ್ಥಳನಾಮ ಅಧ್ಯಯನದ ಸಾಮಗ್ರಿಯೆಂದಷ್ಟೇ ಬಗೆದರೆ ಸಾಲದು. ಕೆರೆಯಂಗಳ, ಗುಂಡುತೋಪು, ಗೋಮಾಳ, ಕುರುಚಲು ಎಂಬ ಒಂದೊಂದು ಹೆಸರೂ ಆ ನೆಲವನ್ನು ಯಾರು, ಯಾವಾಗ, ಎಷ್ಟು ಬಳಸಬೇಕೆಂಬ ಕಟ್ಟಳೆಯನ್ನು ಒಳಗೊಂಡಿತ್ತು. ಬೇಸಿಗೆಯಲ್ಲಿ ಕೆರೆಯ ಗೋಡು ರೈತರ ಹೊಲ ಸೇರುತ್ತಿತ್ತು. ತೂಬಿನ ಹೊಣೆ ನೀರಗಂಟಿಯದಾಗಿತ್ತು. ಇದನ್ನೆಲ್ಲ ಹಕ್ಕಿಗಳಿಗಾಗಿ ಯಾರೂ ಮಾಡಿದ್ದಲ್ಲ. ಆದರೆ ಆ ಕಟ್ಟಳೆಯ ನೆರಳಿನಲ್ಲಿ ಹಕ್ಕಿಗಳಿಗೂ ನೆಲೆ ದೊರೆತಿತ್ತು.

ಜೆ.ಪಿ. ನಗರದ ಪುಟ್ಟೇನಹಳ್ಳಿ ಕೆರೆ ಈ ದೃಷ್ಟಿಯಿಂದ ಗಮನಾರ್ಹ. (ಯಲಹಂಕದ ಪುಟ್ಟೇನಹಳ್ಳಿಯಲ್ಲಿರುವ ಪಕ್ಷಿಗಳ ಕೆರೆ ಇದಲ್ಲ.) ಸುಮಾರು 13 ಎಕರೆಯ ಈ ಕೆರೆಯ ರಕ್ಷಣೆಗೆ ಸ್ಥಳೀಯ ನಿವಾಸಿಗಳು 2010ರಲ್ಲಿ ಟ್ರಸ್ಟ್ ರಚಿಸಿಕೊಂಡರು; 2011ರಲ್ಲಿ ಅಂದಿನ ಬೃಹತ್ ಬೆಂಗಳೂರು ಮಹಾನಗರ ಪಾಲಿಕೆಯೊಂದಿಗೆ ನಿರ್ವಹಣೆಯ ಒಡಂಬಡಿಕೆಯಾಯಿತು. ಹೂಳೆತ್ತಿ ಏರಿ ಕಟ್ಟಿದ ಮಾತ್ರಕ್ಕೆ ಕೆರೆಯಾಗುವುದಿಲ್ಲ. 'ಕೆರೆಗೆ ಹಾರ' ಕಥನಗೀತೆಯ ಬಿಕ್ಕಟ್ಟೂ ಇದೇ: ಕಟ್ಟಿದ ಕೆರೆಗೆ ನೀರು ಬಾರದು. ಅಲ್ಲಿ ಕಿರಿಯ ಸೊಸೆ ಭಾಗೀರಥಿ ಬಲಿಯಾಗುತ್ತಾಳೆ. ಇಲ್ಲಿ ಮಳೆನೀರು ಹರಿದುಬರುವ ದಾರಿಗಳನ್ನು ಕಟ್ಟಡಗಳು ಮುಚ್ಚಿದ್ದರಿಂದ ಪಕ್ಕದ ವಸತಿ ಸಮುಚ್ಚಯದ ಬಳಸಿದ ನೀರನ್ನೇ ಶುದ್ಧೀಕರಿಸಿ ಕೆರೆಗೆ ಬಿಡಬೇಕಾಯಿತು. ನಂತರದ ಕೆಲಸ ನಿತ್ಯದ್ದು. ನೀರಿನ ಮೇಲೆ ಹಬ್ಬುವ ಅಂತರಗಂಗೆಯನ್ನು ತೆಗೆಯಬೇಕು, ದಡದ ಜೊಂಡನ್ನು ಪೂರ್ತಿ ಕೀಳಬಾರದು. ಜಂಬುಕೋಳಿ, ನಾಮಕೋಳಿಗಳು ಗೂಡು ಕಟ್ಟುವುದು ಆ ಜೊಂಡಿನಲ್ಲಿಯೇ. ಸ್ವಚ್ಛವಾಗಿ ಕಾಣುವ ಕೆರೆಯೆಲ್ಲ ಜೀವವುಳ್ಳ ಕೆರೆಯಲ್ಲ ಎಂಬುದು ನಗರದ ಕಣ್ಣಿಗೆ ಬೇಗ ಒಗ್ಗುವ ಸಂಗತಿಯಲ್ಲ.

ಬನಶಂಕರಿ ಆರನೆಯ ಹಂತದ ಅಂಚಿನ ತುರಹಳ್ಳಿ ಅರಣ್ಯದಲ್ಲಿ ಪ್ರಶ್ನೆ ಇನ್ನಷ್ಟು ತೀವ್ರವಾಯಿತು. ಬಂಡೆ, ಕುರುಚಲು, ನೀಲಗಿರಿಗಳು ಬೆರೆತ ಈ ನೆಲದಲ್ಲಿ ವೃಕ್ಷೋದ್ಯಾನ ನಿರ್ಮಿಸುವ ಪ್ರಸ್ತಾವಕ್ಕೆ 2021ರ ಫೆಬ್ರವರಿಯಲ್ಲಿ ವ್ಯಾಪಕ ವಿರೋಧ ವ್ಯಕ್ತವಾಗಿ, ಯೋಜನೆ ಮುಂದುವರಿಯಲಿಲ್ಲ. ಮರ ನೆಡುವುದನ್ನು ಪುಣ್ಯವೆಂದು ಕಂಡ ಜನಪದಕ್ಕೆ ಈ ವಿರೋಧ ವಿಚಿತ್ರವೆನಿಸಬಹುದು. ಆದರೆ ಅದೇ ಜನಪದ ಸಾಲುಮರವನ್ನು ದಾರಿಯ ಬದಿಗೆ, ತೋಪನ್ನು ಊರ ಮುಂದಕ್ಕೆ ಇರಿಸಿತ್ತು. ಕುರುಚಲನ್ನು ಕುರುಚಲಾಗಿಯೇ ಬಿಟ್ಟಿತ್ತು. ಗೌಜಲಹಕ್ಕಿ ನೆಲದಲ್ಲಿ ಮೊಟ್ಟೆಯಿಡುತ್ತದೆ. ಮೊಲ, ನವಿಲುಗಳಿಗೆ ಪೊದೆಯ ಮರೆ ಬೇಕು. ಕಾಲುದಾರಿ, ಕಲ್ಲುಬೆಂಚು, ಒತ್ತಾಗಿ ನೆಟ್ಟ ಸಸಿಗಳಿಂದ ಅವುಗಳಿಗೆ ಲಾಭವಿಲ್ಲ. ನೀಲಗಿರಿಯನ್ನು ಹಂತಹಂತವಾಗಿ ತೆಗೆದು, ತಾನಾಗಿ ಚಿಗುರುವ ಜಾಲಿ, ಕಾರೆ, ಎಲಚಿಗಳಿಗೆ ಎಡೆಗೊಡುವುದು ಹೆಚ್ಚು ಸಮಂಜಸ. ರಾಜ್ಯದಲ್ಲಿ ಹೊಸದಾಗಿ ನೀಲಗಿರಿ ಬೆಳೆಸುವುದನ್ನು 2017ರಲ್ಲಿ ನಿಷೇಧಿಸಲಾಗಿದೆ. ಹಳೆಯ ನೆಡುತೋಪುಗಳ ಮಾತು ಉಳಿದೇ ಇದೆ.

ಇನ್ನೂ ದಕ್ಷಿಣಕ್ಕೆ ಬನ್ನೇರುಘಟ್ಟ. 1974ರಲ್ಲಿ ರಾಷ್ಟ್ರೀಯ ಉದ್ಯಾನವೆಂದು ಘೋಷಿತವಾದ ಈ ಕಾಡಿನ ಸುತ್ತ 2016ರ ಕರಡು 268.96 ಚದರ ಕಿಲೋಮೀಟರಿನ ಪರಿಸರ ಸೂಕ್ಷ್ಮ ವಲಯವನ್ನು ಸೂಚಿಸಿತ್ತು. 2020ರ ಅಂತಿಮ ಅಧಿಸೂಚನೆಯಲ್ಲಿ ಅದು 168.84ಕ್ಕೆ ಇಳಿಯಿತು. ರಾಗಿ ತೆನೆಗಟ್ಟುವ ಕಾಲದಲ್ಲಿ ಆನೆಗಳು ಹೊಲಕ್ಕಿಳಿಯುವುದು, ರೈತರು ಅಟ್ಟಣೆಯ ಮೇಲೆ ರಾತ್ರಿ ಕಳೆಯುವುದು ಈ ಅಂಚಿನ ಹಳ್ಳಿಗಳಲ್ಲಿಯೇ.